ಜೋನಿಬೆಲ್ಲವೋ, ಒಗರೋ, ಹೊಗೆಯೋ: ನಿಮ್ಮ ನಾಲಿಗೆಯ ವಿಸ್ಕಿ ಹುಡುಕುವ ಬಗೆ

ಕಾರವಾರದ ಯಾವುದೇ ವೈನ್‌ಶಾಪಿನ ಎದುರು ನಿಂತು "ಒಳ್ಳೇ ವಿಸ್ಕಿ ಯಾವುದಿದೆ?" ಎಂದು ಕೇಳಿ ನೋಡಿ. "ಎಷ್ಟರದ್ದು ಬೇಕು ಸರ್?" ಎಂಬ ಮರುಪ್ರಶ್ನೆ ಬರುತ್ತದೆ. ಅಂಗಡಿಯವರದ್ದು ತಪ್ಪಲ್ಲ. ಹಿಂದೆ ನಾಲ್ಕು ಜನ ಕಾಯುತ್ತಿರುತ್ತಾರೆ. ನಿಮ್ಮ ಕಿಸೆಯನ್ನು ಅವರು ಅಂದಾಜು ಮಾಡಬಲ್ಲರು, ನಾಲಿಗೆಯನ್ನಲ್ಲ. ಆದರೆ ಬಾಟಲಿಯ ಬೆಲೆಯಲ್ಲಿ ಅಡಗಿರುವುದು ಅಬಕಾರಿ ಸುಂಕ, ಆಮದು ಸುಂಕ, ಪೀಪಾಯಿಯಲ್ಲಿ ಕಳೆದ ಕಾಲ ಮತ್ತು ಡಬ್ಬಿಯ ಚಂದ. ಅದು ನಿಮಗೆ ಸೇರುತ್ತದೋ ಇಲ್ಲವೋ ಎಂಬುದು ಆ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಹೊಗೆಯ ವಾಸನೆಗೆ ಮುಖ ಸಿಂಡರಿಸುವವರ ಕೈಗೆ ಸ್ಕಾಟ್ಲೆಂಡಿನ ಐಲಾ ದ್ವೀಪದ ದುಬಾರಿ ಹೊಗೆ ವಿಸ್ಕಿ ಕೊಟ್ಟರೆ ಅದು ಕೊನೆಗೆ ಕೋಲಾದಲ್ಲಿ ಮುಳುಗುತ್ತದೆ.

ವಿದೇಶಿ ರುಚಿಪಟ್ಟಿಗಳೂ ಇಲ್ಲಿ ಹೆಚ್ಚು ಉಪಯೋಗಕ್ಕಿಲ್ಲ. ಹೆದರ್ ಹೂವು, ಕ್ರಿಸ್ಮಸ್ ಕೇಕು, ಕಿತ್ತಳೆ ಮಾರ್ಮಲೇಡ್ ಎಂದು ಬರೆದಿರುತ್ತಾರೆ. ಶಿರಸಿಯಲ್ಲಿ ಬೆಳೆದವರಿಗೆ ಹೆದರ್ ಎಲ್ಲಿಂದ ಗೊತ್ತಿರಬೇಕು? ಅದೇ ವಾಸನೆಗಳಿಗೆ ನಮ್ಮ ಅಡುಗೆಮನೆ, ಅಡಿಕೆ ತೋಟ, ಮೀನು ಮಾರುಕಟ್ಟೆಗಳಲ್ಲಿ ಹೆಸರಿದೆ. ಹುಡುಕಾಟ ಶುರುವಾಗಬೇಕಾದದ್ದು ಅಲ್ಲಿಂದ.

ನಿಮಗೆ ಏನು ಇಷ್ಟ?

ಆಲೆಮನೆಯ ಬಿಸಿ ಜೋನಿಬೆಲ್ಲ, ತೊಡದೇವು, ಕೊಬ್ಬರಿ ಮಿಠಾಯಿ ಕಂಡರೆ ಕೈ ತಡೆಯದವರು ಅಮೆರಿಕದ ಬರ್ಬನ್‌ನಿಂದ ಹೊರಡಬಹುದು. ಬರ್ಬನ್ ಎನಿಸಿಕೊಳ್ಳಲು ಕನಿಷ್ಠ 51% ಮೆಕ್ಕೆಜೋಳ ಇರಬೇಕು, ಒಳಮೈ ಸುಟ್ಟು ಕರಕಲು ಮಾಡಿದ ಹೊಸ ಓಕ್ ಪೀಪಾಯಿಯಲ್ಲಿ ಇಡಬೇಕು. ಸುಟ್ಟ ಮರದ ಲಿಗ್ನಿನ್ ಒಡೆದು ವೆನಿಲಿನ್ ಆಗುತ್ತದೆ. ಅಮೆರಿಕನ್ ಓಕಿನಲ್ಲಿರುವ ಲ್ಯಾಕ್ಟೋನ್ ಸೀದಾ ಒಣಕೊಬ್ಬರಿಯ ವಾಸನೆ ಕೊಡುತ್ತದೆ. ಲವಂಗದಲ್ಲಿರುವ ಯೂಜಿನಾಲೇ ಓಕಿನಲ್ಲೂ ಇದೆ. ಎರಡು ಸಾವಿರದ ದಶಕದ ಆರಂಭದಲ್ಲಿ ತೋಟಕ್ಕೆ ವೆನಿಲ್ಲಾ ಬಳ್ಳಿ ಹಬ್ಬಿಸಿ ಕೈ ಸುಟ್ಟುಕೊಂಡವರಿಗೆ ಈ ವಾಸನೆಯನ್ನು ಬಿಡಿಸಿ ಹೇಳಬೇಕಿಲ್ಲ. ಜಿಮ್ ಬೀಮ್ ಸುಲಭವಾಗಿ ಸಿಗುವ ಬರ್ಬನ್. ಮೇಕರ್ಸ್ ಮಾರ್ಕ್‌ನಲ್ಲಿ ರೈ ಎಂಬ ಧಾನ್ಯದ ಬದಲು ಗೋಧಿ ಇರುವುದರಿಂದ ಖಾರ ಕಡಿಮೆ. ಜ್ಯಾಕ್ ಡೇನಿಯಲ್ಸ್ ಅನ್ನು ಪೀಪಾಯಿಗೆ ಹಾಕುವ ಮುಂಚೆ ಮೇಪಲ್ ಮರದ ಇದ್ದಿಲಿನ ಮೂಲಕ ಸೋಸುತ್ತಾರೆ.

ಬರ್ಬನ್‌ಗೆ ಹೊಸ ಪೀಪಾಯಿಯೇ ಬೇಕಾದ್ದರಿಂದ ಒಮ್ಮೆ ಬಳಸಿದ್ದನ್ನು ಮಾರಿಬಿಡುತ್ತಾರೆ. ಅವು ಸ್ಕಾಟ್ಲೆಂಡಿಗೂ ಬರುತ್ತವೆ, ನಮ್ಮ ಪಕ್ಕದ ಗೋವಾಕ್ಕೂ ಬರುತ್ತವೆ. ಕಾರವಾರದಿಂದ ಹೆದ್ದಾರಿ 66ರಲ್ಲಿ ಮಡಗಾಂವ ಕಡೆ ಹೋಗುವಾಗ ದಾಟುವ ಕುಂಕಳ್ಳಿಯಲ್ಲೇ ಪಾಲ್ ಜಾನ್ ಸಿಂಗಲ್ ಮಾಲ್ಟ್ (ಮೊಳಕೆ ಬಾರ್ಲಿಯ ವಿಸ್ಕಿ) ಭಟ್ಟಿ ಇಳಿಯುವುದು. ಅವರ ಬ್ರಿಲಿಯನ್ಸ್‌ನಲ್ಲಿ ಹೊಗೆ ಇಲ್ಲ, ಜೇನು-ಏಲಕ್ಕಿಯ ಜಾಡಿನ ಸಿಹಿ ಇದೆ, ಶಕ್ತಿ, ಅಂದರೆ ಆಲ್ಕೋಹಾಲ್ ಪ್ರಮಾಣ, 46%. ಬರ್ಬನ್ ಅತಿಯಾಯಿತು ಎನಿಸಿದವರಿಗೆ ಇದು ಹದ.

ಬನವಾಸಿ ಅನಾನಸ್, ಮಿಟ್ಲಿ ಬಾಳೆ, ಸೇಬು ಇಂಥ ತಿಳಿ ಹಣ್ಣಿನ ಪರಿಮಳ ಇಷ್ಟವಿದ್ದರೆ ಸ್ಪೇಸೈಡ್‌ನ ಸ್ಕಾಚ್ ಮತ್ತು ಐರಿಷ್ ವಿಸ್ಕಿ ನೋಡಿ. ಹಣ್ಣನ್ನು ಯಾರೂ ಹಾಕಿರುವುದಿಲ್ಲ. ಬಾರ್ಲಿಯ ಸಿಹಿ ರಸ ಹುಳಿಯುವಾಗ ಯೀಸ್ಟ್ ತಯಾರಿಸುವ ಎಸ್ಟರ್‌ಗಳೇ ಹಣ್ಣಿನಲ್ಲೂ ಇರುತ್ತವೆ. ಗ್ಲೆನ್‌ಫಿಡಿಕ್ 12, ಗ್ಲೆನ್‌ಲಿವೆಟ್ 12 ಈ ಸಾಲಿನವು; ಹೆಸರಿನ ಸಂಖ್ಯೆ ಪೀಪಾಯಿಯಲ್ಲಿ ಕಳೆದ ವರ್ಷ. ಜೇಮ್ಸನ್ ಮೂರು ಸಲ ಭಟ್ಟಿ ಇಳಿದದ್ದು, ಆದ್ದರಿಂದ ಇನ್ನೂ ಹಗುರ. ಮೊದಲ ಸಲ ವಿಸ್ಕಿ ಮುಟ್ಟುವವರಿಗೆ ಇದಕ್ಕಿಂತ ಸುಲಭದ ಬಾಗಿಲು ನಮಗೆ ಕಂಡಿಲ್ಲ.

ಒಣದ್ರಾಕ್ಷಿ, ಖರ್ಜೂರ, ಕಡಕ್ ಚಹಾ, ಜೊತೆಗೆ ಹಲ್ಲಿನ ಸಂದಿಯಲ್ಲಿ ಹಿಡಿಯುವ ಒಗರು ಬೇಕೆನ್ನುವವರದ್ದು ಶೆರ್ರಿ ಪೀಪಾಯಿಯ ದಾರಿ. ಸ್ಪೇನಿನ ಶೆರ್ರಿ ವೈನ್ ತುಂಬಿದ್ದ ಪೀಪಾಯಿ, ಅದರಲ್ಲೂ ಯುರೋಪಿಯನ್ ಓಕ್ ಆದರೆ, ಒಗರಿನ ಅಂಶವಾದ ಟ್ಯಾನಿನ್ ಧಾರಾಳವಾಗಿ ಬಿಡುತ್ತದೆ. ಅಡಿಕೆ ಬೇಯಿಸುವಾಗ ಹಂಡೆಯಲ್ಲಿ ಉಳಿಯುವ ಚೊಗರಿನಲ್ಲಿ ಇರುವುದೂ ಟ್ಯಾನಿನ್ನೇ. ದಿನಾ ಕವಳ (ಎಲೆ-ಅಡಿಕೆ) ಹಾಕುವವರಿಗೆ ಬೇರೆಯವರು "ಕಹಿ" ಎನ್ನುವ ಶೆರ್ರಿ ವಿಸ್ಕಿ ಪರಿಚಿತ ರುಚಿಯಂತೆ ಕಂಡರೆ ಆಶ್ಚರ್ಯವಿಲ್ಲ. ಗ್ಲೆನ್‌ಡ್ರೊನಾಕ್ 12 ಇದರ ಅಚ್ಚುಕಟ್ಟಾದ ಮಾದರಿ. ಹರಿಯಾಣದ ಇಂದ್ರಿ ತ್ರಿನಿಯಲ್ಲಿ ಬರ್ಬನ್, ಫ್ರೆಂಚ್ ವೈನ್, ಶೆರ್ರಿ ಮೂರೂ ಪೀಪಾಯಿಗಳ ಪಾಲಿದೆ.

ಇನ್ನು ಹೊಗೆ. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ವಿಸ್ಕಿ ಕುಡಿಯುವವರು ಎರಡು ಪಂಗಡವಾಗುವುದು ಇಲ್ಲೇ, ದುಡ್ಡು ಹೆಚ್ಚು ಹಾಳಾಗುವುದೂ ಇಲ್ಲೇ.

ಸಿದ್ದಾಪುರ-ಶಿರಸಿ ಕಡೆ ಮಳೆಗಾಲದಲ್ಲಿ ಉಪ್ಪಾಗೆ ಹಣ್ಣಿನ ಹುಳಿ ಸಿಪ್ಪೆ ಒಣಗಿಸುವುದನ್ನು ನೋಡಿದ್ದೀರಲ್ಲ? ಬಿಸಿಲೇ ಇಲ್ಲದ ಆಷಾಢದಲ್ಲಿ ಸಿಪ್ಪೆಯನ್ನು ತಟ್ಟಿಯ ಮೇಲೆ ಹರಡಿ, ಕೆಳಗೆ ಕಟ್ಟಿಗೆಯ ಬೆಂಕಿ ಹಾಕುತ್ತಾರೆ. ಸಿಪ್ಪೆ ಒಣಗುವಷ್ಟರಲ್ಲಿ ಹೊಗೆ ಅದರೊಳಗೆ ಕೂತಿರುತ್ತದೆ, ಮುಂದೆ ಸಾರಿಗೆ ಹಾಕಿದರೂ ಬಿಡುವುದಿಲ್ಲ. ಸ್ಕಾಟ್ಲೆಂಡಿನ ದ್ವೀಪಗಳದ್ದೂ ಇದೇ ಕಥೆ. ಮೊಳಕೆ ಬಂದ ಬಾರ್ಲಿಯ ಬೆಳವಣಿಗೆಯನ್ನು ಅಲ್ಲಿಗೇ ನಿಲ್ಲಿಸಲು ಒಣಗಿಸಬೇಕು. ಅಲ್ಲಿನ ಉರುವಲು ಪೀಟ್, ಅಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಅರೆಕೊಳೆತು ಒತ್ತಿಕೊಂಡ ಸಸ್ಯದ ಹೆಂಟೆ. ಅದರ ಹೊಗೆಯ ಫೀನಾಲ್‌ಗಳು ಬಾರ್ಲಿಗೆ ಅಂಟಿ, ಭಟ್ಟಿ ದಾಟಿ, ಪೀಪಾಯಿ ದಾಟಿ ಲೋಟದವರೆಗೆ ಬರುತ್ತವೆ.

ಹೊಗೆಯನ್ನು ಪಿಪಿಎಂನಲ್ಲಿ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಫೀನಾಲ್ ಎಷ್ಟು ಪಾಲು ಎಂದು ಅಳೆಯುತ್ತಾರೆ. ಐಲಾ ದ್ವೀಪದ ಆರ್ಡ್‌ಬೆಗ್ ಬಳಸುವ ಬಾರ್ಲಿಯಲ್ಲಿ ಸುಮಾರು 55, ಲಾಗವುಲಿನ್‌ನದ್ದರಲ್ಲಿ ಸುಮಾರು 35. ಇದು ಬಾರ್ಲಿಯ ಅಳತೆ, ಬಾಟಲಿಯದ್ದಲ್ಲ. ಭಟ್ಟಿಯಲ್ಲೂ ಪೀಪಾಯಿಯಲ್ಲೂ ಅರ್ಧಕ್ಕಿಂತ ಹೆಚ್ಚು ಕಳೆದುಹೋಗುತ್ತದೆ. ಲಫ್ರೊಯಿಗ್‌ನ ಹೊಗೆಯಲ್ಲಿ ಕಟ್ಟಿಗೆಗಿಂತ ಆಸ್ಪತ್ರೆಯ ಟಿಂಕ್ಚರ್ ಅಯೋಡಿನ್ ಹೆಚ್ಚು. ಅದನ್ನೇ ಇಷ್ಟಪಟ್ಟು ಕುಡಿಯುವವರಿದ್ದಾರೆ, ಬಾಟಲಿ ತೆರೆದ ದಿನವೇ ನೆರೆಮನೆಗೆ ದಾನ ಮಾಡುವವರೂ ಇದ್ದಾರೆ.

ಹಾಗಾಗಿ ಹೊಗೆಯ ಮೆಟ್ಟಿಲನ್ನು ಕೆಳಗಿನಿಂದಲೇ ಹತ್ತಿ. ಮೊದಲ ಮೆಟ್ಟಿಲಿಗೆ ಟೀಚರ್ಸ್ ಸಾಕು. ಅದು ಬ್ಲೆಂಡ್, ಅಂದರೆ ಹಲವು ಭಟ್ಟಿಗಳ ವಿಸ್ಕಿ ಬೆರೆಸಿದ್ದು, ಆದರೆ ಆರ್ಡ್‌ಮೋರ್ ಭಟ್ಟಿಯ ಹೊಗೆ ಮಾಲ್ಟ್ ಅದರ ಬೆನ್ನೆಲುಬು. ಜಾನಿ ವಾಕರ್ ಬ್ಲ್ಯಾಕ್ ಲೇಬಲ್ ಕೂಡ ಇದೇ ಎತ್ತರದ್ದು. ಇಷ್ಟವಾಯಿತೇ? ಪಾಲ್ ಜಾನ್ ಎಡಿಟೆಡ್‌ಗೆ ಹೋಗಿ, ಅದರಲ್ಲಿ ಹೊಗೆ ಹಿತಮಿತ. ಅಥವಾ ಬೆಂಗಳೂರಿನ ಮೈಸೂರು ರಸ್ತೆಯ ಕಂಬೀಪುರದಲ್ಲಿ ತಯಾರಾಗುವ ಅಮೃತ್ ಫ್ಯೂಷನ್. ಅದರಲ್ಲಿ ಭಾರತದ ಬಾರ್ಲಿಯ ಜೊತೆ ಸ್ಕಾಟ್ಲೆಂಡಿನ ಹೊಗೆಯಾಡಿಸಿದ ಬಾರ್ಲಿ ಸೇರುತ್ತದೆ, ಶಕ್ತಿ 50%. ಅದೂ ಸೇರಿದರೆ ಪಾಲ್ ಜಾನ್ ಬೋಲ್ಡ್, ಕೊನೆಗೆ ಮೇಲೆ ಹೇಳಿದ ಐಲಾ ವಿಸ್ಕಿಗಳು. ಟೀಚರ್ಸ್‌ನಲ್ಲೇ "ಏನೋ ಸುಟ್ಟ ವಾಸನೆ" ಎಂದು ಮೂಗು ಮುರಿದರೆ ಮುಂದಿನ ಮೆಟ್ಟಿಲುಗಳ ದುಡ್ಡು ಉಳಿಯಿತು.

ಬಂದರಿನ ಗಾಳಿ, ಒಣಮೀನು, ಸಾಣಿಕಟ್ಟಾದ ಉಪ್ಪಿನಾಗರ, ಅದರ ಮೇಲೊಂದು ಕಾಳುಮೆಣಸಿನ ಕಡಿ: ಇದನ್ನೇ ನೆನಪಿಸುವ ವಿಸ್ಕಿಯೂ ಇದೆ. ಸ್ಕೈ ದ್ವೀಪದ ಟ್ಯಾಲಿಸ್ಕರ್ 10, 45.8%. ಅದರಲ್ಲಿ ನಿಜವಾದ ಉಪ್ಪು ಇದೆಯೆಂದಲ್ಲ. ಭಟ್ಟಿಯಲ್ಲಿ ಉಪ್ಪು ಆವಿಯ ಜೊತೆ ಮೇಲೇರುವುದಿಲ್ಲ. ವಾಸನೆ ಮೂಗಿಗೆ ಹಾಗೆ ತೋರುತ್ತದೆ, ಅಷ್ಟೇ.

ಲೇಬಲ್ ಓದುವುದು

ಕೌಂಟರಿನಲ್ಲಿ ಬಾಟಲಿ ತಿರುಗಿಸಿ ಹಿಂಬದಿ ಓದಲು ನಾಚಿಕೊಳ್ಳಬೇಡಿ. ಅಲ್ಲಿ ನ್ಯೂಟ್ರಲ್ ಸ್ಪಿರಿಟ್ ಅಥವಾ ಇಎನ್‌ಎ ಎಂದು ಬರೆದಿದ್ದರೆ, ಅದು ಕಾಕಂಬಿಯಿಂದಲೋ ಧಾನ್ಯದಿಂದಲೋ ತೆಗೆದ, ಹೆಚ್ಚುಕಡಿಮೆ ರುಚಿಯೇ ಇಲ್ಲದ ಸ್ಪಿರಿಟ್. ನಮ್ಮಲ್ಲಿ ಹೆಚ್ಚು ಖರ್ಚಾಗುವ ವಿಸ್ಕಿಗಳ ತಳಪಾಯ ಅದೇ. ಮೇಲೆ ಸ್ವಲ್ಪ ಮಾಲ್ಟ್, ಕೆಲವದರಲ್ಲಿ ಸ್ವಲ್ಪ ಸ್ಕಾಚ್, ಬಣ್ಣಕ್ಕೆ ಕ್ಯಾರಮೆಲ್. ಕಾಕಂಬಿಯ ಸ್ಪಿರಿಟ್ಟಿಗೆ ಯುರೋಪಿನಲ್ಲಿ ವಿಸ್ಕಿ ಎಂಬ ಹೆಸರು ಇಡಲು ಬಿಡುವುದಿಲ್ಲ. ಹಾಗೆಂದು ಇವು ಕುಡಿಯಲಾಗದವು ಎಂದಲ್ಲ. ಸೋಡಾ, ಐಸು, ಎದುರಿಗೆ ಕರಿದ ಬಂಗಡೆ ಇದ್ದಾಗ ಅವುಗಳ ಕೆಲಸವನ್ನು ಅವು ಚೆನ್ನಾಗಿಯೇ ಮಾಡುತ್ತವೆ. ಆದರೆ ಮೇಲೆ ಹೇಳಿದ ಕೊಬ್ಬರಿ, ಉಪ್ಪಾಗೆ, ಅನಾನಸ್‌ಗಳನ್ನು ಅಲ್ಲಿ ಹುಡುಕುತ್ತ ಕೂತರೆ ನಿರಾಸೆಯೇ.

'ಸಿಂಗಲ್ ಮಾಲ್ಟ್' ಎಂದರೆ ಒಂದೇ ಭಟ್ಟಿಯದ್ದು, ಮೊಳಕೆ ಬಾರ್ಲಿ ಮಾತ್ರ. ಒಂದೇ ಪೀಪಾಯಿಯದ್ದು ಎಂದಲ್ಲ. ನೂರಾರು ಪೀಪಾಯಿ ಬೆರೆಸಿರಬಹುದು. 'ಬ್ಲೆಂಡೆಡ್ ಸ್ಕಾಚ್'ನಲ್ಲಿ ಮಾಲ್ಟ್ ಜೊತೆ ಧಾನ್ಯದ ವಿಸ್ಕಿಯೂ ಸೇರಿರುತ್ತದೆ. ಸ್ಕಾಚ್ ಯಾವುದೇ ಇರಲಿ, ಕನಿಷ್ಠ 3 ವರ್ಷ ಓಕ್ ಪೀಪಾಯಿಯಲ್ಲಿದ್ದು 40%ಗಿಂತ ಕಡಿಮೆಯಾಗದಂತೆ ಬಾಟಲಿಯಾಗಿರಬೇಕು. 'ಬಾಟಲ್ಡ್ ಇನ್ ಇಂಡಿಯಾ' ಎಂದಿದ್ದರೆ ಸ್ಕಾಚನ್ನು ಸಗಟಾಗಿ ತಂದು ಇಲ್ಲಿ ತುಂಬಿದ್ದಾರೆ ಎಂದರ್ಥ. ಸುಂಕ ಕಡಿಮೆ, ಹಾಗಾಗಿ ಬೆಲೆಯೂ ಕಡಿಮೆ. ನಕಲಿ ಎಂದು ಅನುಮಾನಿಸಬೇಕಾಗಿಲ್ಲ. ನಮ್ಮ ಬಾಟಲಿಗಳ ಮೇಲೆ ಕಾಣುವ 42.8% ಹಳೆಯ ಬ್ರಿಟಿಷ್ ಅಳತೆಯ ಪಳೆಯುಳಿಕೆ, 75 ಡಿಗ್ರಿ ಪ್ರೂಫ್. 'ಇಪ್ಪತ್ತೈದು ಯುಪಿ' (ಅಂಡರ್ ಪ್ರೂಫ್, ಅಂದರೆ ನೂರಕ್ಕೆ ಇಪ್ಪತ್ತೈದು ಕಡಿಮೆ) ಎಂದು ಬರೆದಿರುವುದೂ ಅದನ್ನೇ.

ಬಣ್ಣ ನೋಡಿ ಮೋಸಹೋಗುವವರು ಬಹಳ. ದಟ್ಟ ಕಂದು ಇದ್ದರೆ ಹಳೆಯದು, ಗಟ್ಟಿಯಾದದ್ದು ಎಂಬ ನಂಬಿಕೆ. ಸ್ಕಾಚಿಗೂ ಕ್ಯಾರಮೆಲ್ ಬಣ್ಣ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ತಿಳಿ ಹಳದಿಯ ವಿಸ್ಕಿ ಕಡುಕಂದಿನದಕ್ಕಿಂತ ಹಿರಿಯದಿರಬಹುದು.

ವರ್ಷದ ಸಂಖ್ಯೆಯೂ ಅಷ್ಟೇ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2% ಆವಿಯಾದರೆ, ಬೆಂಗಳೂರಿನಲ್ಲಿ 10%ಕ್ಕೂ ಮೇಲೆ ಹೋಗುತ್ತದೆ. ಈ ಪಾಲಿಗೆ 'ದೇವದೂತರ ಪಾಲು' ಎಂಬ ಹೆಸರಿದೆ. ಅಮೃತ್‌ನವರು 2013ರಲ್ಲಿ ತಂದ 8 ವರ್ಷದ ವಿಸ್ಕಿಗೆ 'ಗ್ರೀಡಿ ಏಂಜೆಲ್ಸ್' ಎಂದು ಹೆಸರಿಟ್ಟದ್ದು ಆ ದೇವದೂತರ ದುರಾಸೆಗೇ. ಸೆಕೆಯಲ್ಲಿ ಸ್ಪಿರಿಟ್ ಮರದೊಳಗೆ ಹೊಕ್ಕು ಹೊರಬರುವುದೂ ಚುರುಕು. ಆದ್ದರಿಂದ ಐದಾರು ವರ್ಷದ ಭಾರತೀಯ ಮಾಲ್ಟ್ ಮರದ ರುಚಿಯಲ್ಲಿ ಹನ್ನೆರಡರ ಸ್ಕಾಚಿನ ಹೆಗಲಿಗೆ ಬರಬಹುದು. ಇನ್ನೂ ಹೆಚ್ಚು ಇಟ್ಟರೆ ಒಗರು ಏರುತ್ತದೆ. ನಮ್ಮ ಮಾಲ್ಟ್‌ಗಳ ಮೇಲೆ ವರ್ಷ ಬರೆದಿಲ್ಲವೆಂದು ಪಕ್ಕಕ್ಕಿಡಬೇಡಿ.

ಮನೆಯಲ್ಲಿ ರುಚಿ ನೋಡುವ ಕ್ರಮ

ಫುಲ್ ಬಾಟಲಿ ತಂದು ಪಶ್ಚಾತ್ತಾಪ ಪಡುವ ಬದಲು ಚಿಕ್ಕದರಲ್ಲಿ ಪರೀಕ್ಷಿಸಿ. ಸಾಮಾನ್ಯ ಬ್ರ್ಯಾಂಡುಗಳು ನೈಂಟಿ, ಕ್ವಾರ್ಟರ್‌ಗಳಲ್ಲಿ ಸಿಗುತ್ತವೆ. ಚಿಕ್ಕ ಬಾಟಲಿ ಇಲ್ಲದ ದುಬಾರಿ ಮಾಲ್ಟ್‌ಗಳನ್ನು ಒಳ್ಳೆಯ ಬಾರಿನಲ್ಲಿ 30 ಎಂಎಲ್ ಹೇಳಿ, ಇಲ್ಲವೇ ನಾಲ್ವರು ಸೇರಿ ಒಂದು ಬಾಟಲಿ ಹಂಚಿಕೊಳ್ಳಿ.

ಒಂದು ಸಂಜೆಗೆ ಮೂರೇ ಬಗೆ. ನಾಲ್ಕನೆಯದರ ಹೊತ್ತಿಗೆ ಮೂಗು ಸುಳ್ಳು ಹೇಳಲು ಶುರುಮಾಡುತ್ತದೆ. ತಲಾ 15 ಎಂಎಲ್. ಕೆಮ್ಮಿನ ಔಷಧಿಯ ಜೊತೆ ಬರುವ ಗೆರೆ ಹಾಕಿದ ಮುಚ್ಚಳವನ್ನು ತೊಳೆದಿಟ್ಟುಕೊಂಡರೆ ಅಳತೆಗೆ ಬೇರೇನೂ ಬೇಡ. ಲೋಟ ತಳದಲ್ಲಿ ಉಬ್ಬಿ ಬಾಯಲ್ಲಿ ಕಿರಿದಾಗಿರಲಿ, ವೈನ್ ಗ್ಲಾಸ್ ಆದೀತು. ಬಾರಿನ ನೇರ ಗ್ಲಾಸಿನಲ್ಲಿ ವಾಸನೆ ನಿಲ್ಲದೆ ಹಾರಿಹೋಗುತ್ತದೆ. ಸ್ಟೀಲ್ ಲೋಟ ಬೇಡ. ಪಾತ್ರೆ ಸೋಪಿನ ನಿಂಬೆ ವಾಸನೆ ಉಳಿದಿದ್ದರೆ ಎಲ್ಲ ವಿಸ್ಕಿಯಲ್ಲೂ ನಿಂಬೆಯೇ ಕಾಣುತ್ತದೆ, ಬಿಸಿನೀರಿನಲ್ಲಿ ಮತ್ತೊಮ್ಮೆ ತೊಳೆದು ಬೋರಲು ಹಾಕಿ ಒಣಗಿಸಿ.

ಊಟದ ಮುಂಚಿನ ಹೊತ್ತು ಒಳ್ಳೆಯದು, ಆದರೆ ಪೂರ್ತಿ ಖಾಲಿ ಹೊಟ್ಟೆಯಲ್ಲ. ಒಳಗೆ ಬಂಗಡೆ ಕರಿಯುತ್ತಿದ್ದರೆ ಮುಂದೂಡಿ. ಸೊಳ್ಳೆಬತ್ತಿ, ಊದುಬತ್ತಿ ಆರಿಸಿ. ಕಾಯಿಲ್‌ನ ಹೊಗೆಯಲ್ಲಿ ಗ್ಲೆನ್‌ಲಿವೆಟ್ಟೂ ಐಲಾದ್ದಾಗುತ್ತದೆ. ಕವಳ ಹಾಕಿದ್ದರೆ ಬಾಯಿ ತೊಳೆದು ಕನಿಷ್ಠ ಒಂದು ತಾಸು ಬಿಡಿ. ಸುಣ್ಣ, ಹೊಗೆಸೊಪ್ಪಿನ ಮೇಲೆ ಯಾವ ರುಚಿಯೂ ನೆಟ್ಟಗೆ ಬೀಳುವುದಿಲ್ಲ.

ಮನೆಯಲ್ಲಿ ಬೇರೊಬ್ಬರು ಸುರಿದು, ಲೋಟದ ಕೆಳಗೆ 1, 2, 3 ಎಂದು ಚೀಟಿ ಅಂಟಿಸಲಿ. ಯಾವುದು ಯಾವುದೆಂದು ನಿಮಗೆ ಗೊತ್ತಿರಬಾರದು. ಹೆಸರು ಗೊತ್ತಿದ್ದರೆ ನಾಲಿಗೆ ಬೆಲೆಯ ಮಾತು ಕೇಳುತ್ತದೆ. ಸುರಿಯುವವರಿಗೆ ಮಾತ್ರ ಒಂದು ಕ್ರಮ ಹೇಳಿಡಿ: ಹಗುರದ್ದು ಮೊದಲು, ಶೆರ್ರಿಯದ್ದು ಆಮೇಲೆ, ಹೊಗೆಯದ್ದು ಕೊನೆಗೆ. ಹೊಗೆ ಮೊದಲು ಬಂದರೆ ಮುಂದಿನೆರಡೂ ಅದರ ನೆರಳಿನಲ್ಲೇ ಮುಗಿಯುತ್ತವೆ.

ಈಗ ಒಂದು ಲೋಟ ಕೈಗೆತ್ತಿಕೊಳ್ಳಿ. ವೈನಿನಂತೆ ಗಿರಗಿರ ತಿರುಗಿಸಬೇಡಿ, ಆಲ್ಕೋಹಾಲ್ ಮಾತ್ರ ಮೇಲೇಳುತ್ತದೆ. ಗಲ್ಲದ ಹತ್ತಿರ ಹಿಡಿದು, ಬಾಯಿ ಸ್ವಲ್ಪ ತೆರೆದು, ಮೂಗಿನತ್ತ ನಿಧಾನ ಏರಿಸಿ. ಸುಡುವ ಅನುಭವ ಶುರುವಾಗುವ ಜಾಗದಲ್ಲಿ ನಿಲ್ಲಿಸಿ, ಅರ್ಧ ಇಂಚು ಹಿಂದೆ ತನ್ನಿ. ವಾಸನೆ ಸಿಗುವುದು ಅಲ್ಲಿ. ಲೋಟದೊಳಗೆ ಮೂಗು ತೂರಿಸಿ ಜೋರಾಗಿ ಎಳೆದರೆ ಆಲ್ಕೋಹಾಲ್ ಮೂಗನ್ನು ಮರಗಟ್ಟಿಸುತ್ತದೆ. "ಎಲ್ಲಾ ವಿಸ್ಕಿನೂ ಒಂದೇ ಥರ" ಎನ್ನುವವರಲ್ಲಿ ಹೆಚ್ಚಿನವರು ಮಾಡುವ ತಪ್ಪು ಇದು. ಮೊದಲ ಗುಟುಕನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಬಾಯಿಗೆ ಎಚ್ಚರಿಕೆ ಮಾತ್ರ. ಎರಡನೆಯದನ್ನು ನಾಲಿಗೆಯ ಮೇಲೆ ಏಳೆಂಟು ಎಣಿಸುವಷ್ಟು ಹೊತ್ತು ಆಡಿಸಿ. ನುಂಗಿದ ಮೇಲೆ ಮೂಗಿನಿಂದ ಉಸಿರು ಬಿಡಿ. ಅರ್ಧ ನಿಮಿಷದ ನಂತರ ಬಾಯಲ್ಲಿ ಏನು ಉಳಿದಿದೆ, ಬೆಲ್ಲವೇ, ಇದ್ದಿಲೇ, ಒಗರೇ, ಬರೀ ಉರಿಯೇ? ಒಂದೇ ಶಬ್ದದಲ್ಲಿ ಬರೆದಿಡಿ. 'ಸ್ಮೂತ್' ಎಂದು ಬರೆಯಬೇಡಿ. ಆ ಶಬ್ದದಿಂದ ಮುಂದಿನ ಬಾಟಲಿ ಆರಿಸಲು ಏನೂ ಸಹಾಯವಾಗುವುದಿಲ್ಲ.

ಆಮೇಲೆ ನೀರು. ಮೂರಕ್ಕೂ ಒಂದೇ ಶಕ್ತಿ ಬರುವಂತೆ ಬೆರೆಸದಿದ್ದರೆ ಹೋಲಿಕೆಗೆ ಅರ್ಥವಿಲ್ಲ, 50% ಇರುವುದು ಯಾವಾಗಲೂ 'ಗಟ್ಟಿ' ಎನಿಸುತ್ತದೆ. ಲೆಕ್ಕ ಸುಲಭ: 30 ಎಂಎಲ್ ವಿಸ್ಕಿಯನ್ನು 40%ಗೆ ಇಳಿಸಲು 42.8ರದ್ದಕ್ಕೆ ಸುಮಾರು 2 ಎಂಎಲ್, 46ರದ್ದಕ್ಕೆ 4.5, 50ರದ್ದಕ್ಕೆ 7.5 ಎಂಎಲ್ ನೀರು. 15 ಎಂಎಲ್‌ಗೆ ಅದರ ಅರ್ಧ. ಟೀ ಚಮಚ 5 ಎಂಎಲ್ ಹಿಡಿಯುತ್ತದೆ. ಕೊನೆಯ ಸುತ್ತಿನಲ್ಲಿ ಸಮಸಮ ನೀರು ಹಾಕಿ ಮೂಸಿ ನೋಡಿ. ವಿಸ್ಕಿ ಬೆರೆಸುವ ವೃತ್ತಿಯವರು ಮೂಸುವುದು ಸುಮಾರು 20%ಗೆ ಇಳಿಸಿಕೊಂಡೇ. ಹೊಗೆಯ ವಾಸನೆಗೆ ಕಾರಣವಾದ ಗ್ವಾಯಕಾಲ್ ಕಣಗಳು ನೀರು ಸೇರಿದಾಗ ದ್ರವದ ಮೇಲ್ಮೈಗೆ ಬರುತ್ತವೆಂದು 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಕಂಪ್ಯೂಟರ್ ಲೆಕ್ಕದಿಂದ ತೋರಿಸಿದ್ದಾರೆ. ಹಾಗಾಗಿ ನೀಟ್ ಕುಡಿದರೇ ಗಂಡಸು ಎನ್ನುವವರ ಮಾತಿಗೆ ಸೊಪ್ಪು ಹಾಕಬೇಕಾಗಿಲ್ಲ.

ಇಲ್ಲಿಯ ಸೆಕೆ, ಇಲ್ಲಿಯ ನೀರು

'ರೂಮ್ ಟೆಂಪರೇಚರ್'ನಲ್ಲಿ ಕುಡಿಯಿರಿ ಎಂದು ಬರೆದವರ ರೂಮು 18-20 ಡಿಗ್ರಿಯದ್ದು. ಏಪ್ರಿಲ್-ಮೇ ತಿಂಗಳಲ್ಲಿ ಕಾರವಾರದ ಕೋಣೆ ಸಂಜೆಗೂ 30 ದಾಟಿರುತ್ತದೆ. ಆ ಬಿಸಿಗೆ ಆಲ್ಕೋಹಾಲ್ ಮೊದಲು ಎದ್ದು ಮೂಗಿಗೆ ಬಡಿಯುತ್ತದೆ, ಹಣ್ಣು-ಹೂವು ಹಿಂದೆ ಉಳಿಯುತ್ತವೆ. ಬೇಸಿಗೆಯಲ್ಲಿ ಬಾಟಲಿಯನ್ನು, ಅಥವಾ ಅಳೆದು ಮುಚ್ಚಿಟ್ಟ ಲೋಟವನ್ನು, ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಡಿ. ಲೋಟಕ್ಕೆ ಹದಿನೈದು ನಿಮಿಷ ಸಾಕು, ತುಂಬಿದ ಬಾಟಲಿಗೆ ಒಂದು ತಾಸಾದರೂ ಬೇಕು. ತೀರಾ ತಂಪಾದರೆ ವಾಸನೆಯೇ ಏಳುವುದಿಲ್ಲ, ಒಗರು ಮಾತ್ರ ಹೆಚ್ಚಾಗಿ ಕಾಣುತ್ತದೆ; ಆಗ ಲೋಟವನ್ನು ಅಂಗೈಯಲ್ಲಿ ಹಿಡಿದು ಕೂತರಾಯಿತು. ಮಳೆಗಾಲದ ಶಿರಸಿಯಲ್ಲಿ ಈ ಉಸಾಬರಿ ಇಲ್ಲ. ಕಾರವಾರದ ಮೇ ತಿಂಗಳಲ್ಲಿ ಉರಿ ಎನಿಸಿದ ಅದೇ ಬಾಟಲಿ ಜುಲೈನಲ್ಲಿ ಘಟ್ಟದ ಮೇಲೆ ಬೇರೆಯೇ ವಿಸ್ಕಿ. ಬೇಸಿಗೆಯಲ್ಲಿ ತಿರಸ್ಕರಿಸಿದ್ದನ್ನು ಮಳೆಗಾಲದಲ್ಲಿ ಮತ್ತೊಮ್ಮೆ ನೋಡಿ ಎನ್ನುವುದು ಅದಕ್ಕೇ.

ನೀರಿನ ವಿಷಯ ಇನ್ನೂ ಸೂಕ್ಷ್ಮ. ಕಡಲ ಅಂಚಿನ ಬಾವಿಗಳು ಬೇಸಿಗೆಯ ಕೊನೆಗೆ ಉಪ್ಪಾಗುತ್ತವೆ. ಸಾರಿನಲ್ಲಿ ಗೊತ್ತಾಗದಷ್ಟು ಉಪ್ಪು ವಿಸ್ಕಿಯಲ್ಲಿ ಗೊತ್ತಾಗುತ್ತದೆ. ನಳದ ನೀರಿನ ಕ್ಲೋರಿನ್ ತಿಳಿ ಪರಿಮಳವನ್ನು ಮುಚ್ಚಿಹಾಕುತ್ತದೆ, ರಾತ್ರಿಯಿಡೀ ಬಾಯಗಲದ ಪಾತ್ರೆಯಲ್ಲಿಟ್ಟರೆ ಬಹುಪಾಲು ಹೋಗುತ್ತದೆ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದಂಶವಿದ್ದರೆ ವಿಸ್ಕಿ ಬೂದು-ಹಸಿರಿಗೆ ತಿರುಗಿ ಮಂಕಾಗಬಹುದು. ಗಾಬರಿಯಾಗಿ ಅಂಗಡಿಯವರ ಮೇಲೆ ಹರಿಹಾಯಬೇಡಿ. ಅಡಿಕೆ ಸುಲಿಯುವ ಕತ್ತಿಯೂ ಕೈಯೂ ಕಪ್ಪಾಗುವ ಕಾರಣವೇ ಇದಕ್ಕೂ: ಟ್ಯಾನಿನ್ನಿಗೆ ಕಬ್ಬಿಣ ತಗುಲಿದರೆ ಕಪ್ಪು. ಹಿಂದೆ ಶಾಯಿ ಮಾಡುತ್ತಿದ್ದುದೂ ಹೀಗೇ. ಒಳ್ಳೆಯ ಸಿಹಿನೀರಿನ ಬಾವಿ ಇದ್ದರೆ ಕುದಿಸಿ ಆರಿಸಿದ ಆ ನೀರೇ ಉತ್ತಮ.

ಸೋಡಾ ಹಾಕುವುದಾದರೆ ಒಂದಕ್ಕೆ ಮೂರು, ಎರಡೂ ಫ್ರಿಜ್ಜಿನಷ್ಟು ತಂಪಾಗಿರಲಿ, ಸೋಡಾ ಕೊನೆಗೆ, ಚಮಚದಿಂದ ಒಂದೇ ಸುತ್ತು. ಜೇಮ್ಸನ್, ಟೀಚರ್ಸ್, ಬ್ಲ್ಯಾಕ್ ಲೇಬಲ್ ಇದಕ್ಕೆ ಒಗ್ಗುತ್ತವೆ. ಕೋಲಾಕ್ಕೆ ಬರ್ಬನ್ ಸಾಕು.

ಜೊತೆಗೆ ತಿನ್ನುವುದು

ಖಾರದ ಮೀನಿನ ಜೊತೆ ವಿಸ್ಕಿ ಗಂಟಲು ಸುಡುತ್ತದೆ ಎಂದು ಬ್ರ್ಯಾಂಡನ್ನು ದೂರುವವರಿದ್ದಾರೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಾಯಲ್ಲಿ ತಟ್ಟುವುದು ಬಿಸಿಯನ್ನು ಗುರುತಿಸುವ ನರದ ಗ್ರಾಹಕವನ್ನು. ಅದು ಸುಮಾರು 42 ಡಿಗ್ರಿಯಲ್ಲಿ ಎಚ್ಚರಗೊಳ್ಳುವಂಥದ್ದು. ಆಲ್ಕೋಹಾಲ್ ಆ ಗಡಿಯನ್ನೇ 34ರ ಆಸುಪಾಸಿಗೆ ಇಳಿಸುತ್ತದೆ. ಅಂದರೆ ನಿಮ್ಮ ಬಾಯಿಯ ಸ್ವಂತ ಬಿಸಿಯೇ ಉರಿ ಎನಿಸತೊಡಗುತ್ತದೆ. ಖಾರ ಸೇರಿದರೆ ಎರಡೂ ಕೂಡಿ ಏರುತ್ತವೆ. ಬ್ಯಾಡಗಿ ಮೆಣಸು ಹಚ್ಚಿದ ಇಸ್ವಾಣ ಮೀನಿನ ರವಾ ಫ್ರೈ ಹದವಾಗಿ ನಡೆಯುತ್ತದೆ, ಗುಂಟೂರು ಖಾರದ ಚಿಲ್ಲಿ ನಡೆಯುವುದಿಲ್ಲ. ತೆಂಗಿನಕಾಯಿ ಹಾಕಿದ ಚಿಪ್ಪಿ ಸುಕ್ಕಾ ಬರ್ಬನ್ ಪೀಪಾಯಿಯ ಮಾಲ್ಟ್ ಜೊತೆ ಚೆನ್ನ, ಕೊಬ್ಬರಿಗೆ ಕೊಬ್ಬರಿ ಸೇರುತ್ತದೆ. ಸುಟ್ಟ ಒಣಮೀನಿಗೆ ಹೊಗೆಯ ವಿಸ್ಕಿ. ಬೆಲ್ಲದ ಜೊತೆ ಹುರಿದ ಗೇರುಬೀಜ ಶೆರ್ರಿಗೆ. ಮುರುಗಲು ಕಡಿ, ಅಪ್ಪೆಮಿಡಿ ಉಪ್ಪಿನಕಾಯಿ ಮಾತ್ರ ದೂರವಿಡಿ. ಆ ಹುಳಿಯ ಮೇಲೆ ಓಕಿನ ಒಗರು ಕಹಿಯಾಗುತ್ತದೆ.

ಕೊಳ್ಳುವಾಗ, ಇಡುವಾಗ

ಎಂಎಸ್‌ಐಎಲ್ ಮಳಿಗೆಯಿರಲಿ, ಖಾಸಗಿ ವೈನ್‌ಶಾಪಿರಲಿ, ಮುಚ್ಚಳದ ಮೇಲೆ ಅಬಕಾರಿ ಇಲಾಖೆಯ ಭದ್ರತಾ ಚೀಟಿ ಹರಿಯದೆ ಇರಬೇಕು. ಮುಚ್ಚಳ ತಿರುಗಿಸಿದಾಗ ಉಂಗುರ ಒಡೆಯುವ ಸದ್ದು ಬರಬೇಕು. ಕರ್ನಾಟಕದಲ್ಲಿ ಮಾರಾಟಕ್ಕೆ ಎಂಬ ಅಚ್ಚು, ಎಂಆರ್‌ಪಿ ಎರಡನ್ನೂ ನೋಡಿ. ಬಾಟಲಿ ತಲೆಕೆಳಗು ಮಾಡಿದಾಗ ಕಸ ತೇಲಿದರೆ ಬೇಡ. 46% ಮತ್ತು ಅದಕ್ಕೂ ಮೇಲಿನ ಮಾಲ್ಟುಗಳಲ್ಲಿ ಐಸು ಬಿದ್ದಾಗ ತುಸು ಮಬ್ಬು ಕಾಣಿಸಿದರೆ ಅದು ಕಲಬೆರಕೆಯಲ್ಲ. ತಂಪು ಮಾಡಿ ಸೋಸದ ವಿಸ್ಕಿಯ ಎಣ್ಣೆಯಂಶ ಹಾಗೆ ಕಾಣುತ್ತದೆ.

ಗೋವಾದಲ್ಲಿ ಅಗ್ಗ, ಗಡಿಯ ಪೋಳೆಂ ದಾಟಿದರೆ ಆಯಿತು ಎಂಬ ಆಸೆ ಕಾರವಾರದವರಿಗೆ ಹೊಸದಲ್ಲ. ಕುಡಿದು ನೋಡಿ ಆರಿಸಲು ಗೋವಾ ಒಳ್ಳೆಯ ಜಾಗ. ಆಯ್ಕೆಯೂ ಹೆಚ್ಚು, ಪೆಗ್ಗೂ ಅಗ್ಗ. ಆದರೆ ಗೋವಾದಲ್ಲಷ್ಟೇ ಮಾರಲು ಅಚ್ಚಾದ ಬಾಟಲಿಯನ್ನು ಡಿಕ್ಕಿಯಲ್ಲಿಟ್ಟು ಬಂದರೆ ಮಾಜಾಳಿ ತಪಾಸಣಾ ಠಾಣೆಯಲ್ಲಿ ಬಾಟಲಿಯೂ ಹೋಗುತ್ತದೆ, ಪ್ರಕರಣವೂ ಆಗುತ್ತದೆ, ವಾಹನವೂ ಸಿಕ್ಕಿಬೀಳಬಹುದು. ಅನಮೋಡದ ಠಾಣೆಯಲ್ಲೂ ಅದೇ ಕಥೆ. ವಾಪಸು ಬರುವಾಗ ಚಾಲಕ ಕುಡಿದಿರಲೇಬಾರದು: 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ. 42.8%ರ 60 ಎಂಎಲ್‌ನ ಒಂದು ಲಾರ್ಜ್‌ನಲ್ಲಿ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ, ದೇಹ ಅದನ್ನು ಕರಗಿಸಲು ಎರಡು ತಾಸಿಗೂ ಹೆಚ್ಚು ಬೇಕು. ಇಪ್ಪತ್ತೊಂದು ತುಂಬದವರನ್ನು ಅಂಗಡಿಗೆ ಕಳಿಸಬೇಡಿ.

ತೆರೆದ ಬಾಟಲಿಯನ್ನು ನಿಲ್ಲಿಸಿಯೇ ಇಡಿ. ವೈನಿನಂತೆ ಮಲಗಿಸಿದರೆ ಗಟ್ಟಿ ಆಲ್ಕೋಹಾಲ್ ಬಿರಡೆಯನ್ನು ತಿಂದು ಪುಡಿಮಾಡುತ್ತದೆ. ಬಿರಡೆ ಮುರಿದು ಒಳಗೆ ಬಿದ್ದರೆ ಗಂಜಿ ಹಾಕದ, ಸೋಪಿನ ವಾಸನೆಯಿಲ್ಲದ ಬಿಳಿ ಬಟ್ಟೆಯಲ್ಲಿ ಸೋಸಿ ಬೇರೆ ಗಾಜಿನ ಬಾಟಲಿಗೆ ಹಾಕಿ, ಪ್ಲಾಸ್ಟಿಕ್ಕಿಗೆ ಬೇಡ. ಕಿಟಕಿಯ ಬಿಸಿಲು ತಾಗುವ ಶೋಕೇಸಿಗಿಂತ ಕತ್ತಲ ಕಪಾಟು ಒಳ್ಳೆಯದು. ಅರ್ಧಕ್ಕಿಂತ ಕೆಳಗಿಳಿದ ಮೇಲೆ ಒಳಗಿನ ಗಾಳಿ ಪರಿಮಳವನ್ನು ತಿನ್ನತೊಡಗುತ್ತದೆ. ತಿಂಗಳುಗಟ್ಟಲೆ ಇಡುವುದಿದ್ದರೆ ತೊಳೆದು ಪೂರ್ತಿ ಒಣಗಿಸಿದ 375ರ ಅಥವಾ 180ರ ಬಾಟಲಿಗೆ ಕುತ್ತಿಗೆಯವರೆಗೆ ತುಂಬಿ. ಹೊಗೆಯ ವಿಸ್ಕಿಯಿದ್ದ ಖಾಲಿ ಬಾಟಲಿಯನ್ನು ಇದಕ್ಕೆ ಬಳಸಬೇಡಿ, ಎಷ್ಟು ತೊಳೆದರೂ ಅದರ ಮುಚ್ಚಳ ವಾಸನೆ ಬಿಡುವುದಿಲ್ಲ. ಆಷಾಢದ ಥಂಡಿಗೆ ಲೇಬಲ್ಲಿಗೆ ಬೂಷ್ಟು ಬಂದರೆ ಒಣಬಟ್ಟೆಯಲ್ಲಿ ಒರೆಸಿ. ಒಳಗಿನದಕ್ಕೆ ಏನೂ ಆಗಿರುವುದಿಲ್ಲ.